ನಡೆದಾಡಿದರೆ ಪೇಸ್‌ಮೇಕರ್ ಚಾರ್ಜ್ ಆಗುತ್ತಾ?

ನಿಮ್ಮ ತಂದೆಯವರ ಪೇಸ್‌ಮೇಕರ್ (ಹೃದಯದ ಬಡಿತ ಸರಿಯಾಗಿರುವಂತೆ ನೋಡಿಕೊಳ್ಳುವ ಪುಟ್ಟ ಯಂತ್ರ) ಅವರ ನಡಿಗೆಯಿಂದಲೇ ಚಾರ್ಜ್ ಆದರೆ ಬ್ಯಾಟರಿಗಾಗಿ ಮತ್ತೆ ಆಪರೇಷನ್ ಬೇಡ ಅಲ್ವಾ ಅಂತ ಕೇಳಿದ್ದೀರಿ. ಬರೀ ಕರೆಂಟಿನ ಲೆಕ್ಕದಲ್ಲಿ ಇದು ಆಗದ ಮಾತಲ್ಲ. ಪೇಸ್‌ಮೇಕರ್‌ಗೆ ಬೇಕಾಗುವುದು ಸುಮಾರು 10 ಮೈಕ್ರೋವ್ಯಾಟ್, ಅಂದರೆ ಒಂದು ವ್ಯಾಟಿನ ಲಕ್ಷದಲ್ಲೊಂದು ಭಾಗ, ಅಷ್ಟೇ. ಕೈಯ ಅಲುಗಾಟದಿಂದ ಓಡುವ ಕ್ವಾರ್ಟ್ಜ್ ವಾಚನ್ನು ಸೀಕೋ ಕಂಪನಿ 1980ರ ದಶಕದಲ್ಲೇ ಮಾರಿತ್ತು. ಅದರೊಳಗೆ ಅರ್ಧಚಂದ್ರದಂಥ ತೂಕವೊಂದಿರುತ್ತದೆ. ಕೈ ಬೀಸಿದಾಗ ಅದು ತಿರುಗಿ, ಹಲ್ಲುಚಕ್ರಗಳ ಮೂಲಕ ಪುಟ್ಟ ಜನರೇಟರನ್ನು ಜೋರಾಗಿ ತಿರುಗಿಸುತ್ತದೆ.

ತೊಂದರೆ ಇರುವುದು ಜಾಗದಲ್ಲಿ. ಪೇಸ್‌ಮೇಕರ್ ಡಬ್ಬಿ ಕೂರುವುದು ಸಾಮಾನ್ಯವಾಗಿ ಕಾಲರ್ ಬೋನ್ ಕೆಳಗೆ, ಚರ್ಮದಡಿ. ಅಲ್ಲಿ ಕೈಯಷ್ಟು ಅಲುಗಾಟವಿಲ್ಲ. ಮಲಗಿದಾಗಂತೂ ಕೇಳಲೇಬೇಡಿ. ಅದಕ್ಕೇ ಸಂಶೋಧಕರು ಹೃದಯದ ಬಡಿತವನ್ನೇ ಬಳಸಲು ನೋಡುತ್ತಿದ್ದಾರೆ. ಅದು ರಾತ್ರಿಯೂ ರಜೆ ಹಾಕುವುದಿಲ್ಲವಲ್ಲ! ಬಾಗಿದಾಗ ವಿದ್ಯುತ್ ಕೊಡುವ ತೆಳು ಪೀಜೋ ಪಟ್ಟಿಯನ್ನು ಪ್ರಾಣಿಗಳ ಹೃದಯಕ್ಕೆ ಹೊಲಿದು ಪರೀಕ್ಷಿಸಿದ್ದೂ ಆಗಿದೆ. ಆದರೆ ಆ ಪಟ್ಟಿ ದಿನಕ್ಕೆ ಸುಮಾರು 1 ಲಕ್ಷ ಸಲ ಬಾಗಬೇಕು, ವರ್ಷಗಟ್ಟಲೆ ಬಿರುಕು ಬಿಡಬಾರದು, ಒಳಗೆ ತೇವ ಹೋಗಬಾರದು. ನನಗನಿಸುವಂತೆ ಕರೆಂಟ್ ಹುಟ್ಟಿಸುವುದಕ್ಕಿಂತ ಈ ಬಾಳಿಕೆಯೇ ಕಷ್ಟ.

ಹಾಗಾಗಿ ಇದನ್ನು ನಂಬಿ ಬ್ಯಾಟರಿ ಬದಲಾವಣೆಯನ್ನು ಸುಮ್ನೆ ಮುಂದೂಡಬೇಡಿ. ಅಂದಹಾಗೆ, ಡಬ್ಬಿಯಿಂದ ಹೃದಯಕ್ಕೆ ಹೋಗುವ ತಂತಿಗಳು ಚೆನ್ನಾಗಿದ್ದರೆ ಆ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವ ಡಬ್ಬಿಯನ್ನಷ್ಟೇ ಬದಲಾಯಿಸುತ್ತಾರೆ.