ಕೈ ಎತ್ತಿದಾಗ ಮಾತ್ರ ಬರುವ ನೋವು

(ಗುರುತು ಸಿಗದಂತೆ ಹೆಸರು ಮತ್ತು ಕೌಟುಂಬಿಕ ವಿವರಗಳನ್ನು ಬದಲಿಸಲಾಗಿದೆ.)

ಶಾರದಾ ಎಂದು ಕರೆಯೋಣ. ನಲವತ್ತರ ಆಸುಪಾಸಿನ ಪ್ರೌಢಶಾಲಾ ಗಣಿತ ಶಿಕ್ಷಕಿ. ಬಲಗೈ ಜೋಮು ಹಿಡಿಯುವುದು, ಭುಜದ ಸೆಳೆತ, ನಿದ್ದೆಗೇಡು ಇವು ಅವರ ದೂರುಗಳು. ನರಗಳ ಪರೀಕ್ಷೆಯ ವರದಿ ಸರಿಯಾಗಿಯೇ ಬಂದಿದ್ದರಿಂದ, ಇದು ಆತಂಕದ ತೊಂದರೆಯೆಂದು ಅವರನ್ನು ಆಪ್ತಸಲಹೆಗೆ ಕಳುಹಿಸಲಾಗಿತ್ತು. ಜೊತೆಗೆ ಬಂದಿದ್ದ ಪತಿ, ‘ಟಿವಿ ನೋಡುವಾಗ ಏನೂ ಇರುವುದಿಲ್ಲ. ಬಟ್ಟೆ ಒಣಹಾಕು ಎಂದರೆ ನೋವು ಶುರುವಾಗುತ್ತದೆ’ ಎಂದರು. ಶಾರದಾ ತಲೆ ತಗ್ಗಿಸಿದರು.

ಆ ಆರೋಪವನ್ನೇ ನಾನು ಬಿಡಿಸಿ ಬಿಡಿಸಿ ಕೇಳಿದೆ. ಬೋರ್ಡಿನ ಮೇಲ್ಭಾಗದಲ್ಲಿ ಬರೆಯುವಾಗ ಸೀಮೆಸುಣ್ಣ ಕೈಯಿಂದ ಜಾರುತ್ತದೆ. ಮಗಳಿಗೆ ಜಡೆ ಹೆಣೆಯುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ತೋಳು ಸೋಲುತ್ತದೆ. ಹೆಗಲಿಗೆ ಭಾರದ ಚೀಲ ಹಾಕಿಕೊಂಡ ದಿನ ಹೆಚ್ಚು. ಕೈ ಇಳಿಸಿದರೆ ಸ್ವಲ್ಪ ಹೊತ್ತಿನಲ್ಲಿ ಹಗುರ. ಜೋಮು ಯಾವ ಬೆರಳಿಗೆ ಎಂದು ಕೇಳಿದೆ. ಕಿರುಬೆರಳು, ಉಂಗುರ ಬೆರಳು, ಮುಂಗೈಯ ಒಳಬದಿ ಎಂದರು. ಮಣಿಕಟ್ಟಿನಲ್ಲಿ ನರ ಒತ್ತಿದರೆ ಸಾಮಾನ್ಯವಾಗಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಇವರದು ಹಾಗಿರಲಿಲ್ಲ. ಆತಂಕ ಹೀಗೆ ಬೆರಳು ಆರಿಸಿಕೊಂಡು, ತೋಳು ಎತ್ತುವುದನ್ನೇ ಕಾಯುತ್ತ ಕೂರುವುದು ಅಪರೂಪ.

ಕೊರಳೆಲುಬಿಗೂ ಮೊದಲನೆಯ ಪಕ್ಕೆಲುಬಿಗೂ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ತೋಳಿನ ನರಗಳೂ ರಕ್ತನಾಳಗಳೂ ಹಾದು ಹೋಗುತ್ತವೆ. ಕತ್ತಿನ ಸ್ನಾಯುಗಳು ಬಿಗಿದರೆ, ಭುಜ ಜೋತುಬಿದ್ದರೆ, ಹಳೆಯ ಪೆಟ್ಟಿದ್ದರೆ, ಅಥವಾ ಹುಟ್ಟಿನಿಂದಲೇ ಕತ್ತಿನಲ್ಲೊಂದು ಹೆಚ್ಚುವರಿ ಪಕ್ಕೆಲುಬಿದ್ದರೆ ಅಲ್ಲಿ ಒತ್ತಡ ಬೀಳುತ್ತದೆ. ಇದೇ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್. ಬಹುಪಾಲು ಪ್ರಕರಣಗಳಲ್ಲಿ ಒತ್ತಡ ನರಕ್ಕೆ. ಅಂಥವರಲ್ಲಿ ಅನೇಕರ ನರಪರೀಕ್ಷೆ ಸರಿಯಾಗಿಯೇ ಬರುತ್ತದೆ. ಆ ವರದಿಯೊಂದರಿಂದ ಕಾಯಿಲೆಯಿಲ್ಲ ಎನ್ನಲಾಗದು.

ರೋಗನಿರ್ಣಯ ನನ್ನ ಕೆಲಸವಲ್ಲ. ಯಾವ ಭಂಗಿ, ಯಾವ ಬೆರಳು, ಎಷ್ಟು ಹೊತ್ತು ಎಂದು ಒಂದು ವಾರ ಬರೆದಿಟ್ಟು, ಆ ಹಾಳೆಯೊಂದಿಗೆ ನರರೋಗ ತಜ್ಞರನ್ನು ಕಾಣುವಂತೆ ಹೇಳಿದೆ. ಅಲ್ಲಿಯವರೆಗೆ ಚೀಲವನ್ನು ಹೆಗಲಿಗೆ ಹಾಕಬಾರದು, ತಲೆಯ ಮೇಲೆ ಕೈಯಿಟ್ಟು ಮಲಗಬಾರದು, ಯಾರಿಂದಲೂ ಕತ್ತು ತಿರುಚಿಸಿಕೊಳ್ಳಬಾರದು. ಒಂದು ಮಾತನ್ನು ಇಬ್ಬರಿಗೂ ಒತ್ತಿ ಹೇಳಿದೆ: ತೋಳು ಇದ್ದಕ್ಕಿದ್ದಂತೆ ಊದಿ ನೀಲಿಗಟ್ಟಿದರೆ ಅದು ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣವಿರಬಹುದು, ಬೆರಳುಗಳು ಬಿಳಿಚಿ ತಣ್ಣಗಾದರೆ ಅಪಧಮನಿಗೆ ತೊಂದರೆಯಿರಬಹುದು. ಎರಡರಲ್ಲಿ ಯಾವುದಾದರೂ ಕಂಡರೆ ಬೆಳಗಾಗುವುದನ್ನು ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಹೆಬ್ಬೆರಳಿನ ಬುಡದ ಮಾಂಸ ಸೊರಗುತ್ತಿದ್ದರೂ ತಡಮಾಡಬಾರದು.

ಎಕ್ಸ್‌-ರೇಯಲ್ಲಿ ಹೆಚ್ಚುವರಿ ಪಕ್ಕೆಲುಬು ಕಾಣಲಿಲ್ಲ. ತಜ್ಞರು ಎರಡೂ ಕೈಗಳನ್ನು ಮೇಲೆತ್ತಿಸಿ, ಮೂರು ನಿಮಿಷ ಮುಷ್ಟಿ ಬಿಗಿದು ಬಿಡಿಸುವಂತೆ ಹೇಳಿದರಂತೆ. ಬಲಗೈ ಅರ್ಧದಲ್ಲೇ ಕುಸಿಯಿತು. ಕತ್ತಿನ ಬೇರೆ ತೊಂದರೆಗಳು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಫಿಸಿಯೋಥೆರಪಿ ಆರಂಭಿಸಿದರು; ಹೆಚ್ಚಿನವರಿಗೆ ಮೊದಲ ಚಿಕಿತ್ಸೆ ಅದೇ, ಶಸ್ತ್ರಚಿಕಿತ್ಸೆಯಲ್ಲ.

ಎರಡು ವರ್ಷ ಯಾರೂ ನಂಬದೆ ಹೋದದ್ದರ ನೋವು ಮಾತ್ರ ನನ್ನ ಪಾಲಿನ ಕೆಲಸವಾಗಿ ಉಳಿಯಿತು. ಮುಂದಿನ ಭೇಟಿಗೆ ಪತಿಯನ್ನೂ ಕರೆಸಿ, ಹೆಂಡತಿಯ ಆ ಹಾಳೆಯನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದೆ. ಬಟ್ಟೆ ಒಣಹಾಕುವುದು ಈಗ ಅವರ ಕೆಲಸ. ಶಾರದಾ ಬೋರ್ಡಿನ ಕೆಳಭಾಗದಲ್ಲಿ ಬರೆಯುತ್ತಾರೆ, ಮೇಲ್ಭಾಗಕ್ಕೆ ಮಕ್ಕಳನ್ನು ಕರೆಯುತ್ತಾರೆ. ಜೋಮು ಪೂರ್ತಿ ಹೋಗಿಲ್ಲ, ವ್ಯಾಯಾಮ ಮುಂದುವರಿದಿದೆ.