ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರನ್ನು ತಡೆಯಬಹುದೆ?

ಪ್ರಶ್ನೆ: ಮಗಳು, ಅಳಿಯ ಎಚ್-1ಬಿ ವೀಸಾದಲ್ಲಿ ಸಿಯಾಟಲ್‌ನಲ್ಲಿದ್ದಾರೆ. ಅಂಥವರಿಗೆ ಅಲ್ಲಿ ಹುಟ್ಟುವ ಮಕ್ಕಳಿಗೆ ಪೌರತ್ವವಿಲ್ಲ ಎಂಬ ಅಧ್ಯಕ್ಷರ ಆದೇಶವನ್ನು 2025ರಲ್ಲಿ ಜಿಲ್ಲಾ ನ್ಯಾಯಾಧೀಶರೊಬ್ಬರು ತಡೆದರಂತೆ. ನಮ್ಮಲ್ಲಿ ಜಿಲ್ಲಾ ಕೋರ್ಟಿಗೆ ಇಷ್ಟು ಅಧಿಕಾರ ಉಂಟೆ? ಫೆಡರಲ್ ಕೋರ್ಟ್ ಅಂದರೆ ನಮ್ಮ ಹೈಕೋರ್ಟೆ?
– ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ನಮ್ಮದು ಒಂದೇ ಏಣಿ. ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ಹೂಡಿದ ದಾವೆ ಜಿಲ್ಲೆ, ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ಮುಟ್ಟಬಹುದು. ರಾಜ್ಯದ ಕಾನೂನು, ಕೇಂದ್ರದ ಕಾನೂನು ಎಂಬ ಭೇದವಿಲ್ಲ. ಅಮೆರಿಕದಲ್ಲಿ ಏಣಿಗಳು ಎರಡು: ರಾಜ್ಯದ್ದೊಂದು, ಫೆಡರಲ್ ಅಂದರೆ ಕೇಂದ್ರದ್ದೊಂದು. ವಿಚ್ಛೇದನ, ಆಸ್ತಿ, ಕೊಲೆ, ಕಳವು ಸಾಮಾನ್ಯವಾಗಿ ರಾಜ್ಯದ ಕೋರ್ಟುಗಳ ಪಾಲು. ಹೆಚ್ಚಿನ ಮೊಕದ್ದಮೆಗಳು ನಡೆಯುವುದೂ ಅಲ್ಲೇ. ರಾಜ್ಯದ ಕಾನೂನಿನ ಅರ್ಥವೇನೆಂಬುದರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟಿನ ಮಾತೇ ಕೊನೆ. (ನ್ಯೂಯಾರ್ಕ್‌ನಲ್ಲಿ ವಿಚಾರಣಾ ಕೋರ್ಟಿಗೇ ‘ಸುಪ್ರೀಂ ಕೋರ್ಟ್’ ಎನ್ನುತ್ತಾರೆ. ಸುದ್ದಿ ಓದುವಾಗ ಗಾಬರಿಯಾಗಬೇಡಿ!) ಸಂವಿಧಾನದ ಪ್ರಶ್ನೆ, ಸಂಸತ್ತಿನ ಕಾನೂನು, ಕೇಂದ್ರ ಸರ್ಕಾರವೇ ಕಕ್ಷಿದಾರನಾದ ಮೊಕದ್ದಮೆ ಫೆಡರಲ್ ಏಣಿಗೆ ಬರುತ್ತವೆ. ಬೇರೆ ಬೇರೆ ರಾಜ್ಯದವರ ನಡುವಿನ 75,000 ಡಾಲರ್ ಮೀರಿದ ವ್ಯಾಜ್ಯವನ್ನೂ ಅಲ್ಲಿಗೆ ಒಯ್ಯಬಹುದು.

ಆ ಏಣಿಯ ಕೆಳಗಿನ ಮೆಟ್ಟಿಲೇ ಡಿಸ್ಟ್ರಿಕ್ಟ್ ಕೋರ್ಟ್. ಒಟ್ಟು 94. ಸಾಕ್ಷಿ, ಜ್ಯೂರಿ, ವಿಚಾರಣೆ ಎಲ್ಲ ಇಲ್ಲಿಯೇ. ಆದರೆ ಇಲ್ಲಿನ ನ್ಯಾಯಾಧೀಶರನ್ನು ಸುಪ್ರೀಂ ಕೋರ್ಟಿನವರಂತೆಯೇ ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಬೇಕು, ಹುದ್ದೆ ಜೀವನಪರ್ಯಂತ. ಮಹಾಭಿಯೋಗವಿಲ್ಲದೆ ತೆಗೆಯುವಂತಿಲ್ಲ, ಸಂಬಳ ಕಡಿಮೆ ಮಾಡುವಂತಿಲ್ಲ. ನಮ್ಮಲ್ಲಿ ಸರ್ಕಾರದ ವಿರುದ್ಧ 226ನೇ ವಿಧಿಯಡಿ ರಿಟ್ ಹಾಕಲು ಹೈಕೋರ್ಟಿಗೇ ಹೋಗಬೇಕು. ಅಲ್ಲಿ ಅಂಥ ತಕರಾರು ಮೊದಲು ಈ ಕೋರ್ಟಿಗೇ ಬರುತ್ತದೆ. ಸ್ಥಾನದಲ್ಲಿ ವಿಚಾರಣಾ ಕೋರ್ಟು, ಅಧಿಕಾರದಲ್ಲಿ ನಮ್ಮ ಹೈಕೋರ್ಟಿಗೆ ಹತ್ತಿರ ಅನ್ನಿ.

ಮೇಲೆ 13 ಅಪೀಲು ಕೋರ್ಟುಗಳು. ಸಾಮಾನ್ಯವಾಗಿ ಮೂವರ ಪೀಠ. ಹೊಸ ಸಾಕ್ಷ್ಯ ಕೇಳುವುದಿಲ್ಲ, ಕೆಳಗೆ ತಪ್ಪಾಗಿದೆಯೇ ಎಂದಷ್ಟೇ ನೋಡುತ್ತಾರೆ. ತುದಿಯಲ್ಲಿ ಒಂಬತ್ತು ಮಂದಿಯ ಸುಪ್ರೀಂ ಕೋರ್ಟ್. ಅಲ್ಲಿ ‘ಸರ್ಷಿಯೊರರಿ’ ಅರ್ಜಿ ಹಾಕಬೇಕು. ನಮ್ಮ ವಿಶೇಷ ಅನುಮತಿ ಅರ್ಜಿಯ ಹಾಗೆ ಇದನ್ನು ಕೈಗೆತ್ತಿಕೊಳ್ಳುವುದು ಕೋರ್ಟಿನ ಮರ್ಜಿ. ನಾಲ್ವರು ಒಪ್ಪಿದರೆ ವಿಚಾರಣೆ. ಒಪ್ಪದಿದ್ದರೆ ಕೆಳಗಿನ ತೀರ್ಪು ಸರಿಯೆಂದು ಅರ್ಥವಲ್ಲ, ಅದು ಹಾಗೇ ಉಳಿಯಿತು ಅಷ್ಟೆ.

ನೀವು ಓದಿದ ಪ್ರಕರಣಕ್ಕೆ ಬರೋಣ. ಆದೇಶ ಹೊರಟದ್ದು 2025ರ ಜನವರಿ 20. ಮೂರೇ ದಿನಕ್ಕೆ ಸಿಯಾಟಲ್‌ನ ನ್ಯಾಯಾಧೀಶರು ಕೊಟ್ಟದ್ದು ತುರ್ತು ತಡೆ, ಅದರ ಆಯುಸ್ಸು 14 ದಿನ. ಫೆಬ್ರುವರಿಯಲ್ಲಿ ವಾದ ಕೇಳಿ ಮಧ್ಯಂತರ ತಡೆಯಾಜ್ಞೆ ಕೊಟ್ಟರು, ಇಡೀ ದೇಶಕ್ಕೆ. ಒಬ್ಬ ನ್ಯಾಯಾಧೀಶರು ದೇಶವನ್ನೆಲ್ಲ ಕಟ್ಟಿಹಾಕಬಹುದೆ ಎಂಬ ನಿಮ್ಮ ಅನುಮಾನ ಆಗ ಸುಪ್ರೀಂ ಕೋರ್ಟಿಗೂ ಬಂತು. ಜೂನ್ 27ರಂದು ಅದು, ದಾವೆ ಹೂಡಿದವರಿಗೆ ಪರಿಹಾರ ಒದಗಿಸಲು ಬೇಕಾದಷ್ಟಕ್ಕಿಂತ ತಡೆಯಾಜ್ಞೆ ಚಾಚಬಾರದು ಎಂದಿತು. ಆದೇಶ ಸಂವಿಧಾನಬದ್ಧವೇ ಎಂಬುದನ್ನು ಆ ತೀರ್ಪು ಮುಟ್ಟಲೇ ಇಲ್ಲ; ಈ ಎರಡನ್ನೂ ನಮ್ಮ ಟಿವಿಗಳು ಒಂದೇ ಮಾಡಿ ಬಡಬಡಿಸಿದವು. ಮುಂದಿನ ತಿಂಗಳೇ ನ್ಯೂ ಹ್ಯಾಂಪ್‌ಶೈರ್‌ನ ಫೆಡರಲ್ ನ್ಯಾಯಾಧೀಶರು ಮಕ್ಕಳೆಲ್ಲರ ಪರವಾಗಿ ಸಾಮೂಹಿಕ ದಾವೆಗೆ ಅನುಮತಿಸಿ, ಆ ದಾರಿಯಲ್ಲಿ ಮತ್ತೆ ತಡೆ ನೀಡಿದರು.

ಮಗಳಿಗೆ ಇದೊಂದು ಹೇಳಿಡಿ: ‘ಇಮಿಗ್ರೇಷನ್ ಕೋರ್ಟ್’ ಈ ಏಣಿಯಲ್ಲಿಲ್ಲ. ಅದು ಕೇಂದ್ರದ ನ್ಯಾಯ ಇಲಾಖೆಯ ಅಂಗ, ಅಲ್ಲಿನ ನ್ಯಾಯಾಧೀಶರು ಆ ಇಲಾಖೆಯ ನೌಕರರು, ಜೀವನಪರ್ಯಂತದ ರಕ್ಷಣೆ ಅವರಿಗಿಲ್ಲ. ಅಲ್ಲಿಂದ ನೋಟಿಸ್ ಬಂದರೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವ ಹಕ್ಕೂ ಇಲ್ಲ. ಸ್ವಂತ ಖರ್ಚಿನಲ್ಲಿ ಹಿಡಿಯಬೇಕು.