ಬ್ಯಾಂಜೋ ಎಲ್ಲಿ ಹೋಯಿತು?

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ನಗರದ ಪಕ್ಕದ ಕೇರಿ ಎಂಬ ಊರಿನಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. (ಊರಿನ ಹೆಸರೇ ಕೇರಿ. ಕನ್ನಡದವರು ಅಲ್ಲಿ ಹೋಗಿ ನೆಲೆಸಿದ್ದರಲ್ಲಿ ಆಶ್ಚರ್ಯವಿಲ್ಲ.) ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು:

‘ಮ್ಯಾಂಡೋಲಿನ್ ವಾದಕ ಡೇವಿಡ್ ಗ್ರಿಸ್ಮನ್ ಅವರ 1977ರ ಎಲ್‌ಪಿ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ಅದನ್ನು ಅವರ ಮೊದಲ ಆಲ್ಬಮ್ ಎಂದಿದ್ದೀರಿ. ಅದು ತಪ್ಪು. ಬ್ಲೂಗ್ರಾಸ್‌ನ ಮೈಲಿಗಲ್ಲು ಎಂದೂ ಬರೆದಿದ್ದೀರಿ. ಅದು ಇನ್ನೂ ದೊಡ್ಡ ತಪ್ಪು. (ಬ್ಲೂಗ್ರಾಸ್ ಅಂದರೆ ಬ್ಯಾಂಜೋ, ಪಿಟೀಲು, ಮ್ಯಾಂಡೋಲಿನ್ ಮುಂತಾದ ತಂತಿವಾದ್ಯಗಳ ಜೊತೆ ಹಾಡುವ ಅಮೆರಿಕದ ಹಳ್ಳಿಗಾಡಿನ ಸಂಗೀತ.) ನಮ್ಮ ರಾಲಿಯಲ್ಲಿ 2013ರಿಂದ 2024ರವರೆಗೆ ಪ್ರತಿ ವರ್ಷ ಬ್ಲೂಗ್ರಾಸ್ ಸಮ್ಮೇಳನ ನಡೆಯುತ್ತಿತ್ತು. ಬೀದಿಯಲ್ಲಿ ನಿಂತು ಕೇಳಿ ಕೇಳಿ ನನ್ನ ಕಿವಿ ಪಳಗಿದೆ. ಈ ಎಲ್‌ಪಿಯಲ್ಲಿ ಬ್ಯಾಂಜೋ ಇಲ್ಲ, ಹಾಡು ಇಲ್ಲ. ಅರ್ಧ ಜಾಜ್, ಅರ್ಧ ಇನ್ನೇನೋ. ಇದು ಕಲಬೆರಕೆ. ನನ್ನ ಮಗನಿಗೆ ಹನ್ನೊಂದು ವರ್ಷ, ಮ್ಯಾಂಡೋಲಿನ್ ಕಲಿಯುತ್ತಿದ್ದಾನೆ. ನಿಮ್ಮ ಲೇಖನ ಓದಿ ಹೇಳಿದ ಮೇಲೆ ಅವನಿಗೆ ಇದೇ ಬೇಕಂತೆ. ಅವನ ಮೇಷ್ಟ್ರು ಮೊದಲು ಬ್ಲೂಗ್ರಾಸ್ ಪಿತಾಮಹ ಬಿಲ್ ಮನ್ರೋ ಅವರದ್ದು ಕಲಿ ಅನ್ನುತ್ತಾರೆ. ಈಗ ನೀವೇ ಹೇಳಿ.’

ಸಂಪಾದಕರ ಉತ್ತರ:

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಲೇಖನ ಬರೆದವರು ಬೇರೆ, ಆದರೆ ಓದಿ ಪಾಸ್ ಮಾಡಿದವನು ನಾನೇ. ಗ್ರಿಸ್ಮನ್ ತಮ್ಮ ಹೆಸರಿನಲ್ಲಿ ತಂದ ಮೊದಲ ಎಲ್‌ಪಿ 1976ರಲ್ಲಿ ರೌಂಡರ್ ಕಂಪನಿಯಿಂದ ಬಂತು. 1977ರದ್ದು ಅವರ ಐದು ಜನರ ತಂಡದ ಮೊದಲ ಎಲ್‌ಪಿ. ಅದನ್ನು ತಂದದ್ದು ಕಲೈಡೋಸ್ಕೋಪ್ ಎಂಬ ಸಣ್ಣ ಕಂಪನಿ.

ನೀವು ಹಿಡಿದ ತಪ್ಪಿನಿಂದ ನನಗೊಂದು ಲಾಭವಾಯಿತು. ಎರಡನ್ನೂ ಒಂದೇ ಸಂಜೆ ಹಿಂದೆಮುಂದೆ ಇಟ್ಟುಕೊಂಡು ಕೇಳಿದೆ. 1976ರದ್ದರಲ್ಲಿ ನೀವು ಕೇಳುವುದೆಲ್ಲ ಇದೆ. ಬ್ಯಾಂಜೋ ಇದೆ, ಹಾಡು ಇದೆ, ವಾಸರ್ ಕ್ಲೆಮೆಂಟ್ಸ್ ಅವರ ಪಿಟೀಲು, ಜೆರ್ರಿ ಡಗ್ಲಸ್ ಅವರ ಡೋಬ್ರೋ (ಅಡ್ಡ ಹಿಡಿದು ನುಡಿಸುವ ಒಂದು ಬಗೆಯ ಗಿಟಾರ್) ಇದೆ. ಹಿರಿಯರ ಮುಂದೆ ಕೂತು ಪಾಠ ಒಪ್ಪಿಸಿದ ಹಾಗಿದೆ. ಚೆನ್ನಾಗಿಯೂ ಒಪ್ಪಿಸಿದ್ದಾರೆ. ಮರುವರ್ಷವೇ ಅದೇ ಮನುಷ್ಯ ಬ್ಯಾಂಜೋ ಕೈಬಿಟ್ಟರು, ಹಾಡು ಕೈಬಿಟ್ಟರು. ಪಾಠ ಬರದೆ ಬಿಟ್ಟದ್ದಲ್ಲ ಅನ್ನುವುದಕ್ಕೆ ಆ 1976ರ ಎಲ್‌ಪಿಯೇ ಸಾಕ್ಷಿ.

ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಅದು ನಿಮ್ಮ ರಾಜ್ಯದಲ್ಲೇ ಇದೆ. ಗ್ರಿಸ್ಮನ್ 1945ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಯಹೂದಿ ಹುಡುಗ. ಬ್ಲೂಗ್ರಾಸ್ ಬೆಳೆದ ಬೆಟ್ಟಗುಡ್ಡಗಳಿಗೂ ಅವರ ಮನೆಗೂ ಸಂಬಂಧವಿಲ್ಲ. ಅವರು ಬೆಳೆದ ಊರಿನವರೇ ಆದ ರಾಲ್ಫ್ ರಿಂಜ್ಲರ್ ಅವರಿಗೆ ಈ ಸಂಗೀತದ ರುಚಿ ಹತ್ತಿಸಿದರು. ರಿಂಜ್ಲರ್ ಅಂದರೆ ಮುಂದೆ ಬಿಲ್ ಮನ್ರೋಗೆ ಮ್ಯಾನೇಜರ್ ಆದವರು. 1964ರಲ್ಲಿ ಗ್ರಿಸ್ಮನ್ ಇದ್ದ ನ್ಯೂಯಾರ್ಕ್ ರ್‍ಯಾಂಬ್ಲರ್ಸ್ ತಂಡ ನಾರ್ತ್ ಕೆರೊಲಿನಾದ ಯೂನಿಯನ್ ಗ್ರೋವ್‌ಗೆ ಬಂದು, ಅಲ್ಲಿನ ಹಳೆಯ ಪಿಟೀಲು ಮೇಳದಲ್ಲಿ ಬ್ಯಾಂಡ್ ಸ್ಪರ್ಧೆ ಗೆದ್ದುಕೊಂಡು ಹೋಯಿತು. ನ್ಯೂಯಾರ್ಕಿನ ಹುಡುಗರು ನಿಮ್ಮ ಹಳ್ಳಿಗೆ ಬಂದು ನಿಮ್ಮವರನ್ನೇ ಸೋಲಿಸಿದ್ದು! ಆಮೇಲೆ ಕೆಂಟಕಿಯ ಗಾಯಕ ರೆಡ್ ಆಲನ್ ಜೊತೆ ನುಡಿಸಿದರು. 1973ರಲ್ಲಿ ರಾಕ್ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಮತ್ತು ಗೆಳೆಯರ ಜೊತೆ ಸೇರಿ ಒಂದು ಬ್ಲೂಗ್ರಾಸ್ ತಂಡ ಕಟ್ಟಿದರು. ಗಾರ್ಸಿಯಾ ಇಟ್ಟ ಅಡ್ಡಹೆಸರೇ ‘ಡಾಗ್’. ಗ್ರಿಸ್ಮನ್ ಸಂಗೀತಕ್ಕೆ ‘ಡಾಗ್ ಮ್ಯೂಸಿಕ್’ ಎಂಬ ಹೆಸರು ಬಂದದ್ದು ಹಾಗೆ. ನಮ್ಮ ಪ್ರೂಫ್ ನೋಡುವವರು ಅದನ್ನು ‘ನಾಯಿ ಸಂಗೀತ’ ಮಾಡಲು ಹೊರಟಿದ್ದರು, ಕೊನೆ ಗಳಿಗೆಯಲ್ಲಿ ತಡೆದೆ. ಅಷ್ಟರ ಮಟ್ಟಿಗೆ ನನ್ನನ್ನು ಕ್ಷಮಿಸಬಹುದು.

ಈಗ ಕಲಬೆರಕೆ ವಿಷಯ. ಹಾಲಿಗೆ ನೀರು ಹಾಕಿದರೆ ಕಲಬೆರಕೆ. ಇಲ್ಲಿ ಹಾಲು ಯಾವುದು, ನೀರು ಯಾವುದು?

ಬ್ಲೂಗ್ರಾಸ್ ಅನ್ನುವುದು ನಾವು ಅಂದುಕೊಂಡಷ್ಟು ಹಳೆಯದಲ್ಲ. ಬಿಲ್ ಮನ್ರೋ 1911ರಲ್ಲಿ ಕೆಂಟಕಿಯ ರೋಸೀನ್‌ನಲ್ಲಿ ಹುಟ್ಟಿದವರು. ಪಿಟೀಲಿನ ಧಾಟಿಗಳನ್ನು ಕಲಿತದ್ದು ಸೋದರಮಾವ ಪೆನ್ ಅವರಿಂದ. ಬ್ಲೂಸ್ ಕಲಿತದ್ದು ಆರ್ನಲ್ಡ್ ಶುಲ್ಟ್ಸ್ ಎಂಬ ಕಪ್ಪು ಜನಾಂಗದ ವಾದಕರಿಂದ. ಮ್ಯಾಂಡೋಲಿನ್ ಇಟಲಿಯ ನೇಪಲ್ಸ್‌ನದು, ಬ್ಯಾಂಜೋ ಆಫ್ರಿಕಾದಿಂದ ಬಂದ ಗುಲಾಮರ ವಾದ್ಯದ ಸಂತಾನ. ಮನ್ರೋ ತಂಡದಲ್ಲಿ 1943ರಿಂದ ಕೆಲವು ವರ್ಷ ಸ್ಯಾಲಿ ಆನ್ ಫಾರೆಸ್ಟರ್ ಅಕಾರ್ಡಿಯನ್ ನುಡಿಸುತ್ತಿದ್ದರು. ಹೌದು, ಅಕಾರ್ಡಿಯನ್! ಬ್ಲೂಗ್ರಾಸ್ ಅಂದ ಕೂಡಲೇ ನಮಗೆಲ್ಲ ನೆನಪಾಗುವ ಆ ಮೂರು ಬೆರಳಿನ ಬ್ಯಾಂಜೋ ಇದೆಯಲ್ಲ, ಅದು ಅರ್ಲ್ ಸ್ಕ್ರಗ್ಸ್ ಜೊತೆ ತಂಡದೊಳಗೆ ಬಂದದ್ದು 1945ರ ಡಿಸೆಂಬರ್‌ನಲ್ಲಿ. ಅಲ್ಲಿಂದ ಗ್ರಿಸ್ಮನ್ ಎಲ್‌ಪಿವರೆಗೆ ಮೂವತ್ತೆರಡು ವರ್ಷ ಕೂಡ ಆಗಿರಲಿಲ್ಲ. ನಮ್ಮ ಮನೆಯ ರುಬ್ಬುವ ಕಲ್ಲು ಅದಕ್ಕಿಂತ ಹಳೆಯದು.

ಹಾಗಾದರೆ ಯಾವುದನ್ನು ಬೇಕಾದರೂ ಬ್ಲೂಗ್ರಾಸ್ ಅನ್ನಬಹುದಾ ಅಂತ ನೀವು ಕೇಳುತ್ತೀರಿ. ಇಲ್ಲ. ನನ್ನ ಕಿವಿಗೆ ಒಂದು ಗುರುತು ಇದೆ, ಅದಕ್ಕೆ ವಾದಕರು ‘ಚಾಪ್’ ಅನ್ನುತ್ತಾರೆ. ನಿಮ್ಮ ಮಗನಿಗೆ ಗೊತ್ತಿರುತ್ತದೆ. ಬೇರೆ ಓದುಗರಿಗಾಗಿ ಬಿಡಿಸಿ ಹೇಳುತ್ತೇನೆ.

ಮ್ಯಾಂಡೋಲಿನ್‌ಗೆ ಎಂಟು ತಂತಿ, ಜೋಡಿ ಜೋಡಿಯಾಗಿ ನಾಲ್ಕು ಸಾಲು. ಎಡಗೈ ಬೆರಳುಗಳು ಸಾಲುಗಳನ್ನೆಲ್ಲ ಒತ್ತಿ ಹಿಡಿಯುತ್ತವೆ. ಯಾವ ತಂತಿಯೂ ಸುಮ್ನೆ ಬಿಟ್ಟಿರಬಾರದು. ನಾಲ್ಕು ಪೆಟ್ಟಿನ ತಾಳದಲ್ಲಿ ಬಾಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ಒಂದನೇ ಪೆಟ್ಟಿಗೆ, ಮೂರನೇ ಪೆಟ್ಟಿಗೆ ‘ದುಂ’ ಅನ್ನುತ್ತದೆ. ಮ್ಯಾಂಡೋಲಿನ್‌ನವರು ಎರಡಕ್ಕೆ, ನಾಲ್ಕಕ್ಕೆ ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಬೀಸುತ್ತಾರೆ. ಬೀಸಿದ ತಕ್ಷಣ ಎಡಗೈ ಹಿಡಿತ ಸಡಿಲ ಬಿಡಬೇಕು. ಬೆರಳು ತಂತಿಯಿಂದ ಏಳಬಾರದು, ಒತ್ತಡ ಮಾತ್ರ ಹೋಗಬೇಕು. ಆಗ ಸ್ವರ ಹುಟ್ಟಿದಲ್ಲೇ ಅಡಗಿ ‘ಚಕ್’ ಅನ್ನುವ ಸದ್ದು ಉಳಿಯುತ್ತದೆ. ದುಂ–ಚಕ್, ದುಂ–ಚಕ್. ಡ್ರಮ್ ಇಲ್ಲದ ಸಂಗೀತಕ್ಕೆ ಡ್ರಮ್ ಆಗುವುದು ಈ ಚಕ್. ಮನ್ರೋ ಕೈಯಲ್ಲಿ ಇದು ಇಡೀ ತಂಡವನ್ನು ಕುದುರೆಯ ಹಾಗೆ ಓಡಿಸುತ್ತಿತ್ತು.

ಇದರಲ್ಲಿ ಒಂದು ತೊಂದರೆ ಇದೆ. ಮ್ಯಾಂಡೋಲಿನ್‌ನವರು ತಮ್ಮ ಸರದಿ ಬಂದು ರಾಗ ನುಡಿಸತೊಡಗಿದರೆ ಚಕ್ ನಿಂತುಹೋಗುತ್ತದೆ. ಗ್ರಿಸ್ಮನ್ ಏನು ಮಾಡಿದರು ಗೊತ್ತಾ? ತಂಡಕ್ಕೆ ಇನ್ನೊಂದು ಮ್ಯಾಂಡೋಲಿನ್ ಸೇರಿಸಿಕೊಂಡರು. ಅದನ್ನು ನುಡಿಸಿದ್ದು ಟಾಡ್ ಫಿಲಿಪ್ಸ್. ಒಬ್ಬರು ಹಾರುವಾಗ ಇನ್ನೊಬ್ಬರು ನೆಲ ಕಾಯುತ್ತಾರೆ. ಡ್ರಮ್ ತರಲಿಲ್ಲ ನೋಡಿ. ಜಾಜ್ ನುಡಿಸಬೇಕು ಅಂದರೆ ಡ್ರಮ್ ತರುವುದು ಸುಲಭದ ದಾರಿಯಾಗಿತ್ತು. ಪಿಟೀಲು, ಗಿಟಾರ್, ಬಾಸ್, ಎರಡು ಮ್ಯಾಂಡೋಲಿನ್. ಇಡೀ ಎಲ್‌ಪಿ ಬರೀ ಮರ ಮತ್ತು ತಂತಿ. ಒಬ್ಬೊಬ್ಬರೇ ಸರದಿಯಲ್ಲಿ ಮುಂದೆ ಬಂದು ನುಡಿಸಿ ಹಿಂದೆ ಸರಿಯುವ ರೂಢಿಯೂ ಹಾಗೇ ಇದೆ. ಬದಲಾದದ್ದು ಸ್ವರಗಳ ಜೋಡಣೆ. ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇದ್ದ ಕಡೆ ಏಳೆಂಟು ಬಂದವು. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್, ಪಿಟೀಲು ವಾದಕ ಸ್ಟೆಫಾನ್ ಗ್ರಪೆಲಿ ನುಡಿಸುತ್ತಿದ್ದ ಡ್ರಮ್ ಇಲ್ಲದ ಜಾಜ್‌ನ ಗಾಳಿ ಒಳಗೆ ಬಂತು. ಆ ಗ್ರಪೆಲಿಯೇ ಗ್ರಿಸ್ಮನ್ ಅವರ 1979ರ ಎಲ್‌ಪಿಯಲ್ಲಿ ಬಂದು ಪಿಟೀಲು ನುಡಿಸಿದರು.

ಹಾಡು ಇಲ್ಲ ಅನ್ನುವ ನಿಮ್ಮ ದೂರು ಮಾತ್ರ ನನಗೂ ಕೊಂಚ ನಾಟಿತು. ಯಾಕೆಂದರೆ ಇಲ್ಲಿ ಗಿಟಾರ್ ನುಡಿಸಿದವರು ಟೋನಿ ರೈಸ್. 1975ರಲ್ಲಿ ಕೆಂಟಕಿಯ ಬ್ಯಾಂಜೋ ವಾದಕ ಜೆ. ಡಿ. ಕ್ರೋ ತಂಡದ ಎಲ್‌ಪಿಯಲ್ಲಿ ಅವರು ಹಾಡಿದ್ದನ್ನು ನೀವು ಖಂಡಿತ ಕೇಳಿರುತ್ತೀರಿ. ಆ ತಲೆಮಾರಿನ ಬ್ಲೂಗ್ರಾಸ್‌ನಲ್ಲಿ ಅಂಥ ಕಂಠ ಇನ್ನೊಂದಿರಲಿಲ್ಲ ಅಂತ ನನ್ನ ಲೆಕ್ಕ. ಅಂಥವರು ಕೆಂಟಕಿ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಗ್ರಿಸ್ಮನ್ ತಂಡ ಸೇರಿ, ತಮಗೆ ಬರದಿದ್ದ ಜಾಜ್ ಕಾರ್ಡ್‌ಗಳನ್ನು ಹೊಸದಾಗಿ ಕಲಿಯುತ್ತಾ ಕೂತರು. ಎಲ್‌ಪಿಯಲ್ಲಿ ಒಂದು ಸಾಲೂ ಹಾಡಲಿಲ್ಲ. 1990ರ ದಶಕದಲ್ಲಿ ಗಂಟಲಿನ ತೊಂದರೆಯಿಂದ ಆ ಕಂಠವೇ ಹೋಯಿತು. ಅದು ಗೊತ್ತಿದ್ದು ಕೇಳುವಾಗ, ಹಾಡಬಹುದಾಗಿದ್ದಾಗಲೂ ಸುಮ್ಮನಿದ್ದರಲ್ಲ ಅಂತ ಹೊಟ್ಟೆ ಉರಿಯುತ್ತದೆ. ಆದರೆ ‘ಸ್ವಿಂಗ್ 51’ ಹಾಕಿ ಇನ್ನೊಂದು ಸಲ ಕೇಳಿ. ಅದು ರೈಸ್ ಅವರದೇ ರಚನೆ. ಜಾಂಗೋ ಹಿಂದೆ ‘ಸ್ವಿಂಗ್ 42’ ಎಂಬ ರಚನೆ ಮಾಡಿದ್ದರು. ರೈಸ್ ಹುಟ್ಟಿದ್ದು 1951ರಲ್ಲಿ. ಹೆಸರು ಎಲ್ಲಿಂದ ಬಂದಿರಬಹುದು ಅಂತ ನೀವೇ ಊಹಿಸಿ. ಅದರಲ್ಲಿ ಗಿಟಾರ್ ಒಂದು ಸಾಲು ಹೇಳಿ, ಉಸಿರು ಬಿಟ್ಟು, ಮುಂದಿನ ಸಾಲು ಶುರು ಮಾಡುವ ರೀತಿ ಹಾಡುವವರದೇ.

ಎಲ್‌ಪಿ ಪೂರ್ತಿ ಒಂದೇ ಸಮ ಇದೆ ಅಂತ ನಾನು ಹೇಳುವುದಿಲ್ಲ. ನಿಧಾನದ ಕಡೆ ಒಂದೆರಡು ಸಲ ಚಂದ ಜಾಸ್ತಿಯಾಗಿ ಕಾರ ಕಮ್ಮಿಯಾಗಿದೆ. ಇದನ್ನು ನೋಡಿ ಆಮೇಲೆ ಹಲವರು ಮಾಡಿದ್ದಂತೂ ಹೋಟೆಲ್ ಲಾಬಿಯ ಹಿನ್ನೆಲೆ ಸಂಗೀತ. ನಿಮ್ಮ ಕೋಪ ಅವರ ಮೇಲಾದರೆ ನಾನೂ ಸಹಿ ಹಾಕುತ್ತೇನೆ.

ಎಲ್‌ಪಿಯ ನಂಬರ್ ಗಮನಿಸಿದ್ದೀರಾ? ಕಲೈಡೋಸ್ಕೋಪ್ ಎಫ್-5. ಮನ್ರೋ ದಶಕಗಳ ಕಾಲ ನುಡಿಸಿದ, 1923ರಲ್ಲಿ ತಯಾರಾದ ಗಿಬ್ಸನ್ ಮ್ಯಾಂಡೋಲಿನ್‌ನ ಮಾಡೆಲ್ ಹೆಸರೂ ಎಫ್-5.

ಇನ್ನು ನಿಮ್ಮ ಮಗ. ಪತ್ರದ ಕೊನೆಯಲ್ಲಿ ನೀವು ಕೇಳಿದ್ದೀರಿ: ಮನೆಯಲ್ಲಿ ಅತ್ತೆಯವರು ಕರ್ನಾಟಕ ಶೈಲಿಯ ಪಿಟೀಲು ನುಡಿಸುತ್ತಾರೆ, ಅವರೇ ಯಾಕೆ ಹೇಳಿಕೊಡಬಾರದು, ನಮ್ಮ ಮ್ಯಾಂಡೋಲಿನ್ ಶ್ರೀನಿವಾಸ್ ಇದೇ ವಾದ್ಯ ನುಡಿಸಲಿಲ್ಲವಾ ಅಂತ. ಅಲ್ಲಿ ಸ್ವಲ್ಪ ಎಚ್ಚರ. ಬ್ಲೂಗ್ರಾಸ್ ಮ್ಯಾಂಡೋಲಿನ್‌ನ ಶ್ರುತಿ ಪಾಶ್ಚಾತ್ಯ ಪಿಟೀಲಿನದು. ನಾಲ್ಕು ಸಾಲಿನ ನಡುವೆ ಒಂದೇ ಅಂತರ, ಸ–ಪ ಅಂತರ. ಅತ್ತೆಯವರ ಪಿಟೀಲು ಸ–ಪ–ಸ–ಪ. ಅಲ್ಲಿ ನಡುವಿನ ಅಂತರ ಬೇರೆಯಾಗುತ್ತದೆ, ಬೆರಳಿನ ಲೆಕ್ಕವೂ ತಪ್ಪುತ್ತದೆ. ಶ್ರೀನಿವಾಸ್ ಅವರಂತೂ ವಾದ್ಯವನ್ನೇ ಬದಲಿಸಿಕೊಂಡರು. ಜೋಡಿ ತಂತಿ ತೆಗೆದು ಒಂಟಿ ತಂತಿ ಮಾಡಿ, ಒಟ್ಟು ಐದು ಇಟ್ಟುಕೊಂಡರು, ವಿದ್ಯುತ್ ಜೋಡಿಸಿದರು. ಎರಡು ತಂತಿಯನ್ನು ಒಟ್ಟಿಗೆ ಎಳೆದು ಗಮಕ ತೆಗೆಯುವುದು ಅಷ್ಟು ಕಷ್ಟ. ಒಂದು ತಮಾಷೆ ಕೇಳಿ. ಚಿಕ್ಕಂದಿನಲ್ಲಿ ಮನ್ರೋ ಮ್ಯಾಂಡೋಲಿನ್‌ನಿಂದಲೂ ನಾಲ್ಕು ತಂತಿ ಬಿಚ್ಚಿಸಿದ್ದರಂತೆ. ಅದು ಗಮಕಕ್ಕಲ್ಲ, ಕೊನೆಯ ತಮ್ಮ ಗಲಾಟೆ ಜಾಸ್ತಿ ಮಾಡಬಾರದು ಅಂತ ಅಣ್ಣಂದಿರು ಮಾಡಿದ್ದು.

ಆದ್ದರಿಂದ ಅತ್ತೆಯವರು ತಾಳ, ಕಿವಿ, ದಿನಾ ಕೂರುವ ಶಿಸ್ತು ಹೇಳಿಕೊಡಲಿ. ಬೆರಳು ಎಲ್ಲಿಡಬೇಕು ಅನ್ನುವುದನ್ನು ಮೇಷ್ಟ್ರಿಗೆ ಬಿಡಲಿ. ಮೇಷ್ಟ್ರು ಹೇಳಿದ್ದು ಸರಿ: ಮೊದಲು ಮನ್ರೋ. ಆದರೆ ಗ್ರಿಸ್ಮನ್ ಎಲ್‌ಪಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ. ಅದರ ಜೊತೆ ಅವನು ಟಾಡ್ ಫಿಲಿಪ್ಸ್ ಕೆಲಸ ಮಾಡಲಿ, ಅಂದರೆ ಬರೀ ಚಕ್. ಇಡೀ ಎಲ್‌ಪಿಗೆ ಚಕ್ ಹಿಡಿದು ಕೂರುವುದು ಹನ್ನೊಂದು ವರ್ಷದ ಮುಂಗೈಗೆ ಸಣ್ಣ ಕೆಲಸವಲ್ಲ. ನೋವು ಅಂದರೆ ನಿಲ್ಲಿಸಿ. ಹಾಗೇ ಈಗಲೇ ಎಫ್ ಮಾಡೆಲ್ ಕೊಡಿಸಬೇಡಿ. ಆ ಸುರುಳಿ ಕೆತ್ತನೆಗೇ ದುಡ್ಡು ಹೋಗುತ್ತದೆ. ಸಾದಾ ಎ ಮಾಡೆಲ್ ಸಾಕು.

ನೀವು ಕಳಿಸಿದ ರೆಕಾರ್ಡಿಂಗ್ ಕೇಳಿದೆ. ಎರಡನೇ ಸುತ್ತಿನ ನಡುವೆ ಹಿಂದಿನಿಂದ ಕುಕ್ಕರ್ ಮೂರು ಸಲ ಕೂಗುತ್ತದೆ, ಯಾರೋ ಅವನ ಹೆಸರು ಹಿಡಿದು ಕರೆಯುತ್ತಾರೆ. ಅವನು ಒಂದು ಚಕ್ ಕೂಡ ಬಿಡಲಿಲ್ಲ.